ಕೃಷ್ಣಪ್ಪನವರು ತೊಳೆದ ಫಿಲ್ಟರ್

ನಮ್ಮ ಪಕ್ಕದ ಮನೆಯ ಕೃಷ್ಣಪ್ಪನವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಸುಳ್ಳು ಯಾಕೆ ಹೇಳಲಿ? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಎಲ್ಲಾದರೂ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಊಟದ ಮಧ್ಯೆ ಎಂಜಲು ಕೈಯಲ್ಲೇ ಎದ್ದುಹೋಗಿ ನಿಲ್ಲಿಸಿ ಬರುವವಳು. ಈ ಮನುಷ್ಯ ನೋಡಿದರೆ ದಿನ ಬೆಳಗಾದರೆ ಕಾಂಪೌಂಡಿನ ಆಚೆ ಕುಕ್ಕರಗಾಲಲ್ಲಿ ಕೂತು, ಪೈಪು ಹಿಡಿದು, ಅರ್ಧ ಗಂಟೆ ಒಂದೇ ಒಂದು ಫಿಲ್ಟರನ್ನು ತೊಳೆಯುತ್ತಿದ್ದರು. ಅದೂ ಹಾಸನದ ಬೇಸಿಗೆಯಲ್ಲಿ, ನಮ್ಮ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುವಾಗ. ಬೋರ್‌ವೆಲ್ ಅವರದೇ ಇರಬಹುದು, ಒಳಗಿನ ನೀರು ಎಲ್ಲರದೂ ತಾನೇ?

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. “ಕೃಷ್ಣಪ್ಪನವರೇ, ಅದೇನು ಚಿನ್ನ ತೊಳೀತಿದ್ದೀರಾ?”

ಅವರು ತಲೆ ಎತ್ತದೆ ಹೇಳಿದರು. “ಅನ್ಸೂಯನ ಕೈ ಕಣ್ರಮ್ಮ ಇದು.”

ಆಮೇಲೆ ನಾನು ಕೇಳಲಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಅವರ ಹೆಂಡತಿ ಅನಸೂಯಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದವು. ಮಾತು ಸ್ವಲ್ಪ ತೊದಲಿತು. ಕಾಲು ಹೇಗೋ ಕೋಲು ಹಿಡಿದು ನಡೆಯುವಷ್ಟು ಬಂತು, ಕೈ ಮಾತ್ರ ಎದೆಗೆ ಅವುಚಿಕೊಂಡು ಮುಷ್ಟಿ ಕಟ್ಟಿಕೊಂಡೇ ಉಳಿಯಿತು. ಕಸರತ್ತು ಮಾಡಿಸುವ ಡಾಕ್ಟರು, ಬಿಸಿನೀರಿನಲ್ಲಿ ಕೂರಿಸಿ ಕೈ ಆಡಿಸುತ್ತಿರಿ, ಮೊದಲ ಒಂದು ವರ್ಷದಲ್ಲಿ ಎಷ್ಟು ವಾಪಸ್ ಬರುತ್ತೋ ಅದೇ ಲಾಭ, ಆಮೇಲೆ ಕಷ್ಟ ಅಂದರು. ಚನ್ನರಾಯಪಟ್ಟಣದಲ್ಲಿರುವ ಮಗಳು ಮೇಘಶ್ರೀ ಓಡಾಡಿ, ಅರಕಲಗೂಡಿನ ಕಡೆ ಮುಚ್ಚಿಹೋದ ಒಂದು ಹೋಂಸ್ಟೇಯಿಂದ ಬಿಸಿನೀರಿನ ಟಬ್ಬು ತರಿಸಿದಳು. ಗಾಳಿ ತುಂಬಿಸುವ ದುಂಡನೆಯ ಟಬ್ಬು. ಕಾರೇ ಇಲ್ಲದ ಕಾರ್ ಶೆಡ್ಡಿನಲ್ಲಿ ಅದನ್ನು ಇಟ್ಟರು. ಪಕ್ಕದ ಯಂತ್ರ ನೀರನ್ನು ಎಳೆದು, ಸೋಸಿ, ಕಾಯಿಸಿ, ಮತ್ತೆ ಒಳಗೆ ಬಿಡುತ್ತದೆ.

ಆ ಸೋಸುವ ಫಿಲ್ಟರೇ ಕೃಷ್ಣಪ್ಪನವರ ಕೈಯಲ್ಲಿ ಇರುತ್ತಿದ್ದದ್ದು. ಒಂದು ಚೊಂಬಿನಷ್ಟು ಎತ್ತರ, ಸುತ್ತಲೂ ಬಿಳಿ ಬಟ್ಟೆ ಸೀರೆಯ ನಿರಿಗೆಯಂತೆ ಮಡಿಕೆ ಮಡಿಕೆ. ಮಡಿಕೆಯಲ್ಲಿ ಕೊಳೆ ಕಟ್ಟಿಕೊಂಡರೆ ನೀರು ಓಡುವುದಿಲ್ಲ. ನೀರು ಓಡದಿದ್ದರೆ ಹೀಟರು ತಾನಾಗಿ ಆಫ್ ಆಗುತ್ತದೆ. ನಮ್ಮ ಕಡೆಯ ಬೋರಿನ ನೀರಿಗೆ ಸುಣ್ಣದ ಅಂಶ ಬೇರೆ ಜಾಸ್ತಿ, ಎರಡೇ ದಿನದಲ್ಲಿ ಬಟ್ಟೆ ಬಿಗಿದುಕೊಂಡು ಹಪ್ಪಳವಾಗುತ್ತದೆ.

ಕೃಷ್ಣಪ್ಪನವರು ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವರು. ಬಸ್ಸಿನ ಏರ್ ಫಿಲ್ಟರನ್ನು ನೆಲಕ್ಕೆ ಕುಟ್ಟಿ, ಗಾಳಿ ಹೊಡೆದು ಅಭ್ಯಾಸ. ಮೊದಲ ದಿನ ಇದಕ್ಕೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡೇಟು ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆಮೇಲೆ ಕಲಿತರು. ಪೈಪನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಗೆ, ಒಂದೊಂದೇ ಮಡಿಕೆ. ಶನಿವಾರ ಜಿಡ್ಡು ತೆಗೆಯುವ ಪುಡಿಯಲ್ಲಿ ನೆನೆಹಾಕುವುದು. ಪುಡಿಯಲ್ಲಿ ಜಿಡ್ಡು ಪೂರಾ ಬಿಟ್ಟ ಮೇಲಷ್ಟೇ ಸುಣ್ಣ ಕರಗಿಸಲು ಒಂದಿಷ್ಟು ಆಸಿಡ್ಡು, ಅದೂ ತೀರಾ ತೆಳ್ಳಗೆ ಮಾಡಿ. “ಉಲ್ಟಾ ಮಾಡುದ್ರೆ ಜಿಡ್ಡು ಒಳಗೇ ಕೂತ್ಬುಡ್ತದೆ ಟೀಚರಮ್ಮ, ಆಮೇಲ್ ಬ್ರಹ್ಮ ಬಂದ್ರೂ ಬುಡಲ್ಲ,” ಎಂದು ಕಾಂಪೌಂಡಿನ ಮೇಲಿಂದ ನನಗೇ ಪಾಠ ಹೇಳಿದ್ದರು. ವಿಜ್ಞಾನದ ಟೀಚರಿಗೆ!

ಫಿಲ್ಟರ್ ಒಂದೇ ಆಗಿದ್ದರೆ ಆಗುತ್ತಿತ್ತು. ಹೆಂಡತಿಗೆ ಹಲ್ಲುಜ್ಜಿಸುವುದು, ತಲೆ ಬಾಚುವುದು, ರೊಟ್ಟಿ ತಟ್ಟುವುದು, ಚೂರು ಮಾಡಿ ಬಾಯಿಗಿಡುವುದು, ಯಾರದಾದರೂ ಮದುವೆಗೆ ಹೊರಟರೆ ಸೀರೆಗೆ ನಿರಿಗೆ ಹಿಡಿದು ಪಿನ್ನು ಚುಚ್ಚುವುದು, ಎಲ್ಲಾ ಅವರೇ. ಆಯಮ್ಮ ಎಡಗೈಯಲ್ಲಿ ನೀರಿನ ಲೋಟ ಮುಟ್ಟಿದರೂ ಓಡಿ ಬರುತ್ತಿದ್ದರು. “ನೀನ್ ಕೂತ್ಕೊ, ನಾನ್ ಮಾಡ್ತೀನಿ.” ದಿನಕ್ಕೆ ನೂರು ಸಲ ಈ ಮಾತು ಗೋಡೆ ದಾಟಿ ಬರುತ್ತಿತ್ತು. ಮನುಷ್ಯ ಹನ್ನೊಂದು ತಿಂಗಳಲ್ಲಿ ಅರ್ಧ ಆಗಿಹೋದರು. ಒಂದು ಸಲ ನಾನು, ಕೊಡಿ, ಇವತ್ತು ನಾನು ತೊಳೀತೀನಿ ಅಂದೆ. “ಬ್ಯಾಡಿ. ಇನ್ನೊಬ್ರ ಕೈಗ್ ಕೊಟ್ರೆ ನಂಗ್ ಸಮಾದಾನ ಇರಲ್ಲ,” ಅಂದರು. ಮುಂದಿನ ಮಡಿಕೆಗೆ ಪೈಪು ಹಿಡಿಯುತ್ತಾ, “ಡಿಪೋದಲ್ಲಾದ್ರೆ ವಾರಕ್ಕೊಂದ್ ರಜ ಇತ್ತು,” ಎಂದರು.

ಯುಗಾದಿಗೆ ದುದ್ದದಿಂದ ಅವರ ಅಕ್ಕ ಹೊನ್ನಕ್ಕ ಬಂದರು. ಕೈಚೀಲದಲ್ಲಿ ಹರಳೆಣ್ಣೆ, ಮನೆಯಲ್ಲೇ ಕುಟ್ಟಿದ ಸೀಗೆಪುಡಿ, ಒಂದು ಗಂಟು ಅಂಟುವಾಳದ ಕಾಯಿ. ಹಬ್ಬದ ಬೆಳಿಗ್ಗೆ ಕೃಷ್ಣಪ್ಪನವರು ಬೇವಿನ ಸೊಪ್ಪು, ಹೂವು ತರಲು ಹೋದ ಹೊತ್ತಿಗೆ ಹೊನ್ನಕ್ಕ ಕಾಂಪೌಂಡಿನ ಹತ್ತಿರ ಬಂದು ಕರೆದರು.

“ಟೀಚರಮ್ಮ, ಯುಗಾದಿ ದಿನ ಮೈಗ್ ಎಣ್ಣೆ ಬೀಳ್ದೆ ಇದ್ರಾದದಾ? ಅನ್ಸೂಯಂಗೆ ಎಣ್ಣೆ ಒತ್ಬುಟ್ಟು ಆ ತೊಟ್ಟಿ ಒಳ್ಗೇ ಕೂರುಸ್ತೀನಿ. ಬಿಸ್ನೀರು ರೆಡಿನೇ ಐತಲ್ಲ. ಏನೂ ಆಗಲ್ಲ ಅಲ್ವಾ?”

ನಾನು ಹೋಳಿಗೆಗೆ ಹೂರಣ ರುಬ್ಬುವ ಗಡಿಬಿಡಿಯಲ್ಲಿದ್ದೆ. “ಹಬ್ಬ ತಾನೇ, ಒಂದು ದಿನಕ್ಕೆ ಏನಾಗುತ್ತೆ ಬಿಡಿ ಹೊನ್ನಕ್ಕ,” ಅಂದುಬಿಟ್ಟೆ. ಮೂವತ್ತು ವರ್ಷದ ವಿಜ್ಞಾನ ಒಲೆ ಪಾಲಾಯಿತು.

ಅರ್ಧ ಗಂಟೆಗೆ ಯಂತ್ರ ಕೀ ಕೀ ಅನ್ನತೊಡಗಿತು. ನಾನು ಹೋಗಿ ನೋಡಿದರೆ ಟಬ್ಬಿನ ನೀರು ರಾಗಿ ಗಂಜಿ ಆಗಿದೆ, ಮೇಲೆ ಮೊಣಕೈ ಎತ್ತರ ನೊರೆ, ನೊರೆಯ ನಡುವೆ ಅನಸೂಯಮ್ಮನ ತಲೆ. ಆಯಮ್ಮ ಮಾತ್ರ ಬಹಳ ದಿನದ ಮೇಲೆ ನಗುತ್ತಿದ್ದರು. ಅಷ್ಟರಲ್ಲಿ ಕೃಷ್ಣಪ್ಪನವರು ಬಂದರು. ಬೇವಿನ ಸೊಪ್ಪು ಕೈಯಿಂದ ಜಾರಿತು.

“ಏನ್ ಮಾಡ್ಬುಟ್ಟೆ ಅಕ್ಕಾ!”

“ಎಣ್ಣೆ ನೀರು ಕಣ್ಲಾ, ಇಷ ಅಲ್ಲ. ನರ ಸಡ್ಲ ಆಗ್ಲಿ ಅಂತ.”

ಕೃಷ್ಣಪ್ಪನವರು ಮೊದಲು ಯಂತ್ರ ಆಫ್ ಮಾಡಿದರು. ಹೆಂಡತಿಯನ್ನು ಎತ್ತಿ ಒರೆಸಿ ಒಳಗೆ ಕೂರಿಸಿದರು. ಅಷ್ಟೂ ನೀರನ್ನು ಚರಂಡಿಗೆ ಬಿಟ್ಟರು. ಫಿಲ್ಟರ್ ಹೊರಗೆ ಬಂದಾಗ ನಿರಿಗೆಗಳೇ ಕಾಣುತ್ತಿರಲಿಲ್ಲ, ಸೀಗೆ ಮತ್ತು ಎಣ್ಣೆ ಮೆತ್ತಿ ಹಿಟ್ಟಿನ ಮುದ್ದೆಯಾಗಿತ್ತು. ಆಮೇಲೆ ಅವರು ಮಾಡಿದ್ದನ್ನು ನಾನು ನೋಡುತ್ತಲೇ ಇದ್ದೆ. ಬಚ್ಚಲುಮನೆಯ ಆಸಿಡ್ ಬಾಟಲಿ ತಂದು ಹಾಗೇ ಅದರ ಮೇಲೆ ಸುರಿದರು. ನನಗೆ ಪಾಠ ಹೇಳಿದ ಮನುಷ್ಯ! ತಿಳಿಯದೆ ಮಾಡಿದ್ದಲ್ಲ ಅದು. ಅಷ್ಟು ದಣಿದಿದ್ದರು, ಅಷ್ಟು ಸಿಟ್ಟು ಬಂದಿತ್ತು. ಫಿಲ್ಟರ್ ಹಳದಿಯಾಗಿ ಸೆಟೆದುಕೊಂಡು ಕಟ್ಟಿಗೆಯಾಯಿತು.

ಮೇಘಶ್ರೀ ಹೊಸದಕ್ಕೆ ಆರ್ಡರ್ ಹಾಕಿದಳು. ಬರಲು ಹನ್ನೆರಡು ದಿನ ಅಂದರು. ಡಾಕ್ಟರು ಹೇಳಿದ ವರ್ಷ ಮುಗಿಯಲು ಉಳಿದದ್ದೇ ಮೂರು ವಾರ. ಕೃಷ್ಣಪ್ಪನವರು ಬಕೆಟ್ಟಿನಲ್ಲಿ ನೀರು ಕಾಯಿಸಿ ಕೈ ಅದ್ದಿಸಿ ನೋಡಿದರು. ಬಕೆಟ್ಟಿಗೆ ಭುಜ ಇಳಿಯುವುದಿಲ್ಲವಲ್ಲ. ಟಬ್ಬಿನಲ್ಲಿ ಕೂತು ಅಷ್ಟಿಷ್ಟು ಸಡಿಲವಾಗಿದ್ದ ಕೈ ನಾಲ್ಕನೇ ದಿನಕ್ಕೆ ಮತ್ತೆ ಎದೆಗೆ ಅವುಚಿಕೊಂಡಿತು. ಅವರು ಶೆಡ್ಡಿನಲ್ಲಿ ಖಾಲಿ ಟಬ್ಬಿನ ಮುಂದೆ ಕೂತೇ ಇರುತ್ತಿದ್ದರು. ಹೊನ್ನಕ್ಕ ತಪ್ಪಿತಸ್ಥರಂತೆ ದುದ್ದಕ್ಕೂ ಹೋಗದೆ, ತಮ್ಮನ ಎದುರಿಗೂ ಬರದೆ, ಅಡಿಗೆಮನೆಯಲ್ಲೇ ಉಳಿದರು. ನನ್ನ ಒಪ್ಪಿಗೆಯ ವಿಷಯ ಅವರು ತಮ್ಮನಿಗೆ ಹೇಳಲಿಲ್ಲ. ನನಗೆ ಅದಕ್ಕೇ ಹೆಚ್ಚು ಸಂಕಟವಾಯಿತು. ಕೊನೆಗೆ ನಾನೇ ಶೆಡ್ಡಿಗೆ ಹೋಗಿ ಕೃಷ್ಣಪ್ಪನವರಿಗೆ ಹೇಳಿಕೊಂಡೆ.

“ಯಾರ್ ಏಳುದ್ರೇನ್ ಬುಡಿ ಟೀಚರಮ್ಮ,” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಗಲೇ ಬಾಗಿಲ ಹತ್ತಿರ ಕೋಲಿನ ಸದ್ದಾಯಿತು. ಅನಸೂಯಮ್ಮ ಗೋಡೆಯ ಮೊಳೆಯ ಕಡೆ ಎಡಗೈ ತೋರಿಸಿದರು. ಹೋಂಸ್ಟೇಯವರು ಟಬ್ಬಿನ ಜೊತೆ ಕೊಟ್ಟಿದ್ದ ಹಳೇ ಫಿಲ್ಟರ್ ಅಲ್ಲಿ ನೇತಾಡುತ್ತಿತ್ತು. ಯಾರು ಯಾರೋ ಮೈಗೆ ಹಚ್ಚಿಕೊಂಡಿದ್ದ ಕ್ರೀಮು, ಎಣ್ಣೆ ಎಲ್ಲ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು.

“ಅದ್... ಕೊಡಿ.”

“ಅದ್ ಸತ್ತೋಗದೆ ಕಣಮ್ಮಿ. ಒಂದೊಂದ್ ಮಡಿಕೆ ಬುಡ್ಸಕೆ ಒಂದೊಂದ್ ಗಂಟೆ ಬೇಕು. ನನ್ ಕೈಲಾಗಲ್ಲ.”

“ನಿಮ್ಗ್ ಯಾರ್... ಮಾಡಿ ಅಂದ್ರು? ನಂಗ್ ಕೊಡಿ.”

ಅವತ್ತು ಹೊನ್ನಕ್ಕ ತಾವು ತಂದ ಅಂಟುವಾಳದ ಕಾಯಿಯನ್ನೆಲ್ಲ ಜಜ್ಜಿ ಕುದಿಸಿ, ಆರಿದ ಮೇಲೆ ಫಿಲ್ಟರನ್ನು ಅದರಲ್ಲಿ ಮುಳುಗಿಸಿಟ್ಟರು. ರೇಷ್ಮೆ ಸೀರೆಯ ಜಿಡ್ಡಿಗೆ ಅಂಟುವಾಳ ಹಾಕಿ ಬೆಳೆದ ಹೆಂಗಸರು ನಾವು. ನಾಲ್ಕು ದಿನ ಯಾರಿಗೂ ಅದು ಹೊಳೆಯಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ನಾನು ಕಾಫಿ ತೆಗೆದುಕೊಂಡು ಹೋದೆ. ಶೆಡ್ಡಿನ ನಲ್ಲಿಯ ಪಕ್ಕ ಅನಸೂಯಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತೊಡೆಯ ಮೇಲೆ ಫಿಲ್ಟರ್, ಎಡಗೈಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷು. ಮಡಿಕೆ ಬಿಡಿಸಿ ಹಿಡಿಯಲು ಇನ್ನೊಂದು ಕೈ ಬೇಕಲ್ಲ, ಅದಕ್ಕೆ ಬಲಗೈಯನ್ನು ಎದೆಯಿಂದ ಕೆಳಗೆ ಎಳೆದುಕೊಂಡಿದ್ದರು. ಮುಷ್ಟಿಯಿಂದ ತೋರುಬೆರಳೊಂದನ್ನು ಬಿಡಿಸಿ ಮಡಿಕೆಗೆ ತೂರಿಸುತ್ತಿದ್ದರು. ಬೆರಳು ಜಾರುತ್ತಿತ್ತು. ಮತ್ತೆ ತೂರಿಸುತ್ತಿದ್ದರು. ಹಣೆಯಲ್ಲಿ ಬೆವರು. ಬೆಳಗಿನಿಂದ ಆರು ಮಡಿಕೆ ಬೆಳ್ಳಗಾಗಿದ್ದವು.

ಕೃಷ್ಣಪ್ಪನವರು ನೋಡಲಾರದೆ ಎದ್ದರು. “ಕೊಡು ಇಲ್ಲಿ. ನೀನ್ ಕೂತ್ಕೊ, ನಾನ್ ಮಾಡ್ತೀನಿ.”

ಅನಸೂಯಮ್ಮ ಫಿಲ್ಟರನ್ನು ಹೊಟ್ಟೆಗೆ ಒತ್ತಿಕೊಂಡರು. “ವರ್ಸದಿಂದ... ಕೂತೇ ಇವ್ನಿ. ಎಲ್ಲಾ ನೀವೇ ಮಾಡುದ್ರಿ. ಈ ಕೈಗೆ... ಒಂದ್ ಕೆಲ್ಸ ಕೊಟ್ರಾ?”

ಕೃಷ್ಣಪ್ಪನವರ ಮುಖ ನೋಡಲು ನನಗೆ ಆಗಲಿಲ್ಲ. ಆ ಮನುಷ್ಯ ಒಂದು ವರ್ಷ ಸೊಂಟ ಮುರಿದುಕೊಂಡು ಮಾಡಿದ್ದು ಪ್ರೀತಿಯೇ. ಆಯಮ್ಮ ಹೇಳಿದ್ದೂ ಸುಳ್ಳಲ್ಲ. ಕೃಷ್ಣಪ್ಪನವರು ಹೋಗಿ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತು ಹೆಂಡತಿಯ ಬೆರಳನ್ನೇ ನೋಡುತ್ತಿದ್ದರು. ಕಾಫಿ ಆರುತ್ತದೆ ಎಂದು ಹೇಳಲು ನಾನು ತಿರುಗಿದರೆ ಗೋಡೆಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಹಗಲು ಹೊತ್ತಿನಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅನಸೂಯಮ್ಮ ಅವರನ್ನು ನೋಡಿದರು. ನನ್ನ ಕಡೆ ತಿರುಗಿ, ಸದ್ದು ಮಾಡಬೇಡಿ ಎಂದು ತುಟಿಯಲ್ಲೇ ಹೇಳಿದರು.

ನಲ್ಲಿಯಿಂದ ನೀರು ಸುಮ್ಮನೆ ಬಕೆಟ್ಟಿಗೆ ಬೀಳುತ್ತಿತ್ತು. ಬಕೆಟ್ಟು ತುಂಬಿ ಚರಂಡಿಗೆ ಹರಿಯತೊಡಗಿತು. ಅಭ್ಯಾಸಬಲ, ನಾನು ಎದ್ದೆ. ಅಷ್ಟರಲ್ಲಿ ಅನಸೂಯಮ್ಮ ಬಲಗೈ ಚಾಚಿದ್ದರು. ಎಡಗೈ ಖಾಲಿ ಇತ್ತು, ಬ್ರಷ್ಷನ್ನು ಕೆಳಗಿಟ್ಟಿದ್ದರು, ಆದರೂ ಬಲಗೈಯನ್ನೇ ಚಾಚಿದರು. ನಲ್ಲಿಯ ಹಿಡಿ ಎರಡು ಸಲ ಜಾರಿತು. ಮೂರನೇ ಸಲ ತಿರುಗಿತು.

ನೀರು ಪೂರ್ತಿ ನಿಲ್ಲಲಿಲ್ಲ, ಹನಿ ಹನಿ ತೊಟ್ಟಿಕ್ಕುತ್ತಲೇ ಇತ್ತು. ನಾನು ಹೋಗಿ ಬಿಗಿ ಮಾಡಲಿಲ್ಲ. ಮೆಲ್ಲಗೆ ಮತ್ತೆ ಕೂತುಕೊಂಡೆ.