ಶಾಲೆ ನೋಡಿ, ಬೀದಿ ನೋಡಿ

ಒಂದು ಕಟ್ಟು ಸೊಪ್ಪು ಕೊಳ್ಳುವುದಕ್ಕೂ ಸಂತೆಯನ್ನು ಎರಡು ಸುತ್ತು ಹಾಕುವವಳು ನಾನು. ಕೊನೆಗೆ ಮೊದಲು ನೋಡಿದ ಕಟ್ಟನ್ನೇ ತರುತ್ತೇನೆ; ಅಷ್ಟರಲ್ಲಿ ಅದು ಬಾಡಿರುತ್ತದೆ. ಇಂಥವಳ ಪಾಲಿಗೆ, ಮಗಳ ಓದಿಗಾಗಿ ಒಂದು ಊರನ್ನೇ ಆರಿಸುವ ಕೆಲಸ ಬಂದರೆ ಮನೆಯವರ ಗತಿ ಏನಾಗಿರಬೇಕು, ನೀವೇ ಊಹಿಸಿಕೊಳ್ಳಿ.

ಆಗ ನಾವು ಸಂಸೆಯಲ್ಲಿದ್ದೆವು. ಯಜಮಾನರಿಗೆ ಅಲ್ಲೊಂದು ಸಣ್ಣ ಕಾಫಿ ತೋಟ. ಮಗಳು ಸಿರಿ ದೊಡ್ಡವಳಾಗುತ್ತಿದ್ದಳು, ಊರಿನ ಶಾಲೆ ಅವಳಷ್ಟು ಬೆಳೆಯಲಿಲ್ಲ. ಕಳಸ ಹತ್ತಿರ, ಮೂಡಿಗೆರೆಯಲ್ಲಿ ನೆಂಟರಿದ್ದಾರೆ, ಚಿಕ್ಕಮಗಳೂರಿನಲ್ಲಿ ಶಾಲೆಗಳು ಚೆನ್ನಾಗಿವೆ. ನೆಂಟರಿದ್ದಾರೆ ಎಂಬ ಕಾರಣಕ್ಕೇ ಮೂಡಿಗೆರೆಯನ್ನು ಯಜಮಾನರು ಮೊದಲು ಕೈಬಿಟ್ಟರು. ಅಂತೂ ಚಿಕ್ಕಮಗಳೂರು ಎಂದಾಯಿತು. ಇನ್ನು ಯಾವ ಬೀದಿ? ಈ ವಿಷಯದಲ್ಲಿ ಅತ್ತೆಯವರದು ಒಂದೇ ಹಟ.

"ನಮ್ ಪೈಕಿಯೋರು ಇರೋ ಕಡೆ ನೋಡೋ. ಕಷ್ಟಸುಖಕ್ಕೆ ಯಾರಾದ್ರೂ ಬೇಡ್ವಾ?"

ಯಜಮಾನರು ಒಪ್ಪಲಿಲ್ಲ. "ಪಾಠ ಶಾಲೇಲಿ ಕಲೀತಾಳಮ್ಮ. ಜನರ ಜೊತೆ ಬಾಳೋದನ್ನ ಬೀದೀಲೇ ಕಲೀಬೇಕು. ಎಲ್ಲಾ ಥರದೋರೂ ಇರೋ ಕಡೆ ಹೋಗಣ."

ಹಾಗೆ ಪೇಟೆಯ ಅಂಚಿನ ಒಂದು ಹೊಸ ಬಡಾವಣೆಗೆ ಬಂದೆವು. ಎದುರು ಮನೆಯಲ್ಲಿ ನರ್ಸ್ ಕೆಲಸದಿಂದ ನಿವೃತ್ತರಾದ ಕೊಂಕಣಿ ಮಾತಿನ ಜೂಲಿಯಾನಾ ಬಾಯಿ, ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿಯ ತಮಿಳು ಕುಟುಂಬ, ಪಕ್ಕದಲ್ಲಿ ಮೆಣಸಿನ ವ್ಯಾಪಾರದ ಹಮೀದ್, ಅವರ ಹೆಂಡತಿ ಜುಬೇದಾ, ಸಿರಿಯದೇ ವಯಸ್ಸಿನ ಮಗಳು ಸಫಾ. ಎಲ್ಲ ಧರ್ಮದವರೂ ನಗುತ್ತ ಸಿಹಿ ಹಂಚಿಕೊಳ್ಳುವ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ. ನಮ್ಮ ಬೀದಿ ಅಷ್ಟೊಂದು ಚೆಂದವೇನೂ ಇರಲಿಲ್ಲ. ನಲ್ಲಿ ನೀರಿಗೆ ಜಗಳವಾಗುತ್ತಿತ್ತು. ಜೂಲಿಯಾನಾ ಬಾಯಿಯ ನಾಯಿ ಜಾತಿಮತ ನೋಡದೆ ಎಲ್ಲರ ಚಪ್ಪಲಿಯನ್ನೂ ಕಚ್ಚಿಕೊಂಡು ಹೋಗುತ್ತಿತ್ತು.

ಅತ್ತೆ ಮಾತ್ರ ಬಂದ ಹೊಸತರಲ್ಲಿ ಪಕ್ಕದ ಮನೆಗೆ ಬೆನ್ನು ಮಾಡಿಯೇ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಮಳೆ ಹಿಡಿದಾಗ ಆಚೆ ಕಾಂಪೌಂಡಿನಿಂದ ಜುಬೇದಾಳ ದನಿ ಕೇಳಿತು. "ಇದೂ ಒಂದು ಮಳೆಯಾ ಮಾರಾಯ್ತಿ! ನಮ್ ಕಳಸದ ಕಡೆ ಇದಕ್ಕೆ ಕೊಡೆ ಸಹ ಬಿಚ್ಚಲ್ಲ."

ಅತ್ತೆಯ ಕುರ್ಚಿ ತಿರುಗಿತು. "ಕಳಸದಲ್ಲಿ ಯಾರ ಮಗಳೇ ನೀನು?"

"ಜೀಪ್ ಓಡಿಸ್ತಿದ್ರಲ್ಲ ಅಮ್ಮ, ಇಬ್ರಾಯಿ ಕಾಕ, ಅವ್ರ ಮಗಳು."

ಅತ್ತೆ ಎದ್ದೇ ಬಿಟ್ಟರು. ಹೆರಿಗೆ ನೋವು ಬಂದಾಗ ಅವರನ್ನು ಸಂಸೆಯಿಂದ ಕಳಸದ ಆಸ್ಪತ್ರೆಗೆ ಸಾಗಿಸಿದ್ದು ಆ ಜೀಪೇ. "ಇನ್ನೊಂದು ಗುಂಡಿ ಸಿಕ್ಕಿದ್ರೆ ಇವನನ್ನ ಜೀಪಲ್ಲೇ ಹೆರ್ತಿದ್ದೆ" ಎಂದು ಯಜಮಾನರನ್ನು ತೋರಿಸಿ ಹೇಳಿದರು. ಅಂದಿನಿಂದ ಕಾಂಪೌಂಡಿನ ಆಚೀಚೆ ನಿಂತು ಇಬ್ಬರೂ ಕಳಸ ಸೀಮೆಯ ಮದುವೆ, ಸಾವು, ಹಳ್ಳದ ಮೇಲಿನ ಮುರಿದ ಸಂಕ, ಓಡಿಹೋದ ಹುಡುಗಿಯರು ಎಲ್ಲವನ್ನೂ ಮಾತಾಡಿ ಮುಗಿಸುವಷ್ಟರಲ್ಲಿ ನನ್ನ ಅಡುಗೆ ಆಗಿರುತ್ತಿತ್ತು. ಜುಬೇದಾ ಹುರುಳಿ ಸಾರು ಮಾಡಿದ ದಿನ ಅತ್ತೆಗೆ ನನ್ನ ಸಾರು ರುಚಿಸುತ್ತಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದೂ ನಿಜ.

ಕನ್ನಡದಲ್ಲಿ 'ನೆರೆ' ಎಂಬ ಪದವಿದೆ ನೋಡಿ. ಪಕ್ಕದ ಮನೆಯೂ ನೆರೆ, ಉಕ್ಕಿ ಬರುವ ಹೊಳೆಯೂ ನೆರೆ, ತಲೆಯ ಬಿಳಿಗೂದಲೂ ನೆರೆ. ಮೂರಕ್ಕೂ ಒಂದೇ ಹೆಸರು ಯಾಕೆ ಬಂತೋ ಪಂಡಿತರು ಹೇಳಬೇಕು. ನನಗೆ ತೋರುವುದಿಷ್ಟು: ಮೂರೂ ನಾವು ಕರೆದು ಬರುವಂಥವಲ್ಲ. ಬಂದ ಮೇಲೆ ಅವುಗಳ ಜೊತೆ ಬದುಕಬೇಕು, ಅಷ್ಟೇ.

ಒಂದು ವರ್ಷ ಪೇಟೆಯಲ್ಲಿ ಏನೋ ಗಲಾಟೆಯಾಯಿತು. ಅಂಗಡಿಗಳು ಬಾಗಿಲು ಹಾಕಿದವು, ಶಾಲೆಗೆ ರಜೆ ಕೊಟ್ಟರು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ. ಆದರೆ ಶಾಲೆ ಮತ್ತೆ ಶುರುವಾದ ದಿನ ಸಿರಿ ಬ್ಯಾಗನ್ನೂ ಇಳಿಸದೆ ನನ್ನ ಮುಂದೆ ನಿಂತಳು. "ಅಮ್ಮ, ನಮ್ ಸ್ಕೂಲ್ ವ್ಯಾನಲ್ಲಿ ಒಬ್ಳು ಸಫಾನ್ನ, ನೀನ್ಯಾಕೆ ಈ ಬೀದೀಲಿದೀಯಾ ಅಂತ ಕೇಳಿದ್ಳು. ಸಫಾ ಕಿಟಕಿ ಕಡೆ ತಿರುಗಿ ಕೂತ್ಳು. ನಾನು ಏನು ಹೇಳ್ಬೇಕಿತ್ತು?"

ಬ್ಯಾಗು ಇಳಿಸಿಕೊಂಡು ತಲೆ ಸವರಿದೆ.

ಕೆಲವು ದಿನ ಬಿಟ್ಟು ಹಮೀದ್ ನಮ್ಮ ಮನೆಗೆ ಬಂದರು. ಪೇಟೆಯ ಆಚೆ ತುದಿಯಲ್ಲಿ, ಅವರ ಭಾವನ ಮನೆಯ ಹತ್ತಿರವೇ ಒಂದು ಮನೆ ಸಿಕ್ಕಿದೆಯಂತೆ. ಸಫಾಳನ್ನು ಅಲ್ಲಿಯ ಶಾಲೆಗೇ ಹಾಕುತ್ತಾರಂತೆ.

"ಇಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಯಜಮಾನರು ಕೇಳಿದರು.

"ಯಾರೂ ಏನೂ ಅಂದಿಲ್ಲ ಅಣ್ಣ, ಸುಳ್ಳು ಹೇಳ್ಬಾರ್ದು. ಆದ್ರೆ ಜುಬೇದಾಗೆ ರಾತ್ರಿ ನಿದ್ದೆ ಬರ್ತಿಲ್ಲ. ನಾನು ವ್ಯಾಪಾರಕ್ಕೆ ಅಂತ ಊರೂರು ತಿರುಗ್ತೀನಿ. ಏನೂ ಆಗಲ್ಲ ಅಂತ ನಾನಾದ್ರೂ ಅವಳಿಗೆ ಹೆಂಗೆ ಹೇಳ್ಲಿ?"

ಎಲ್ಲ ಥರದ ಜನರಿರಬೇಕೆಂದು ಈ ಬೀದಿಯನ್ನು ಆರಿಸಿದ ಯಜಮಾನರು ಏನಾದರೂ ಹೇಳುತ್ತಾರೆಂದು ಕಾದೆ. ಅವರು ಲೋಟದ ಕಾಫಿ ಆರುವವರೆಗೂ ಕೈಯಲ್ಲೇ ಹಿಡಿದು ಕೂತಿದ್ದರು. ನಾಳೆಯ ಬಗ್ಗೆ ಮಾತು ಕೊಡುವುದು ಅವರ ಕೈಯಲ್ಲಿತ್ತೇ?

ಸಾಮಾನು ತುಂಬಿದ ಲಾರಿ ಹೊರಡುವಾಗ ಅತ್ತೆ ಗೇಟು ಹಿಡಿದು ನಿಂತಿದ್ದರು. ಜುಬೇದಾ ಅವರ ಕೈ ಹಿಡಿದು "ಬರ್ತೀನಮ್ಮ" ಎಂದಳು. "ಹೋಗ್ಬೇಡ ಕಣೆ" ಎಂದರು ಅತ್ತೆ. ಹುಡುಗಿಯರಿಬ್ಬರೂ ಅಳಲಿಲ್ಲ, ಒಬ್ಬರನ್ನೊಬ್ಬರು ನೋಡಲೂ ಇಲ್ಲ. ಅದನ್ನು ನೋಡಿ ಅತ್ತವಳು ನಾನು.

ಆಮೇಲೆ ಇಸ್ತ್ರಿ ಅಂಗಡಿಯವರೂ ತಮ್ಮವರಿರುವ ಕಡೆಗೆ ಹೋದರು. ಜೂಲಿಯಾನಾ ಬಾಯಿಯನ್ನು ಮಂಗಳೂರಿನ ತಂಗಿ ಕರೆದುಕೊಂಡು ಹೋದಳು. ಖಾಲಿ ಮನೆ ತೋರಿಸಲು ಬಂದ ಬ್ರೋಕರು ಒಂದು ಸಂಸಾರಕ್ಕೆ ಹೇಳುತ್ತಿದ್ದ: "ಒಳ್ಳೆ ಶಾಲೆ ಹತ್ರ ಸಾರ್. ಮತ್ತೆ ಈಗ ಬೀದಿ ತುಂಬ ನಿಮ್ಮೋರೇ, ಏನೂ ಯೋಚನೆ ಇಲ್ಲ." ಹೊಸಬರು ನಿಜವಾಗಿ ಒಳ್ಳೆಯವರು. ನಲ್ಲಿ ನೀರಿಗೆ ಜಗಳವನ್ನೂ ಆಡುವುದಿಲ್ಲ. ಬೀದಿ ತಣ್ಣಗಿದೆ. ಸಿರಿಗೆ ಒಳ್ಳೆಯ ಅಂಕಗಳು ಬರುತ್ತಿವೆ. ಸಫಾಳ ವಿಷಯವನ್ನು ಮಾತ್ರ ಅವಳು ಎತ್ತುವುದಿಲ್ಲ.

ಮೊನ್ನೆ ಅತ್ತೆ ಯಾರಿಗೂ ಹೇಳದೆ ಆಟೋ ಮಾಡಿಕೊಂಡು ಜುಬೇದಾಳ ಮನೆಗೆ ಹೋಗಿಬಂದರು. ಬಂದವರೇ ಕಾಲು ತೊಳೆದು ಕೂತರು.

"ಹೇಗಿದ್ದಾಳೆ?" ಎಂದೆ.

"ಚೆನ್ನಾಗಿದ್ದಾಳೆ. ನಿದ್ದೆ ಬರುತ್ತಂತೆ. ಅಕ್ಕಪಕ್ಕ ಎಲ್ಲಾ ಅವ್ರ ಮಂದಿನೇ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಆದ್ರೆ ಮಾತಾಡಕ್ಕೆ ಒಬ್ರೂ ಇಲ್ಲ ಕಣೆ ಅವಳಿಗೆ, ಪಾಪ."