ಆಯಿಯ ಹಸಿರು ಉಗುರು

ಊರಿಗೆಲ್ಲ ಹೊಟ್ಟೆಯ ಔಷಧ ಕೊಡುತ್ತಿದ್ದ ಆಯಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಅದೇ ಆಕೆಯ ತಕ್ಕಡಿ. ತುಪ್ಪದಲ್ಲಿ ಹುರಿದು ಪುಡಿ ಮಾಡಿದ ಭಂಗಿ ಸೊಪ್ಪನ್ನು ಆ ಉಗುರಿನ ಮೇಲೆ ತೆಗೆದುಕೊಂಡು, ಎದುರಿಗೆ ಕೂತವರ ಮುಖ ನೋಡಿ, ಒಬ್ಬರಿಗೆ ಅರ್ಧ ಉಗುರು, ಇನ್ನೊಬ್ಬರಿಗೆ ಅದಕ್ಕೂ ಕಡಿಮೆ ಹಾಕುತ್ತಿದ್ದಳು. ಜೀರಿಗೆ, ಒಣಶುಂಠಿ, ದಾಳಿಂಬೆ ಸಿಪ್ಪೆ ಅರೆದದ್ದರ ಜೊತೆ ಅದನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದರೆ ಮುಗಿಯಿತು. ಹೊಟ್ಟೆ ಹಿಡಿದುಕೊಂಡು ಬಂದವರು ಕೆಲವು ದಿನಗಳಲ್ಲಿ ನೆಟ್ಟಗೆ ನಡೆದು ಹೋಗುತ್ತಿದ್ದರು. ಹಾಗೆ ಹೋಗುವವರನ್ನು ನಾನು ಎದುರಿನ ದವಾಖಾನೆಯ ಕಿಟಕಿಯಿಂದ ನೋಡಿ ಉರಿದುಕೊಳ್ಳುತ್ತಿದ್ದೆ.

ದವಾಖಾನೆ ನನ್ನದು. ಪುಣೆಯಲ್ಲಿ ಡಾಕ್ಟರಿಕೆ ಓದಿ ಐವತ್ತರ ದಶಕದಲ್ಲಿ ಹೊರ್ತಿ ಎಂಬ ಈ ಹಳ್ಳಿಗೆ ಬಂದವನು, ಬೇರೆ ಜಾಗ ಸಿಗದೆ ಆಯಿಯ ಮನೆಯ ಎದುರಿಗೇ ಬೋರ್ಡು ಹಾಕಿದೆ. ಜ್ವರಕ್ಕೆ, ಕುರುವಿಗೆ ಜನ ನನ್ನಲ್ಲಿಗೆ ಬರುತ್ತಿದ್ದರು. ಆದರೆ ಒಂದು ದಿನ ಕಟ್ಟಿ ಇನ್ನೊಂದು ದಿನ ಸಡಿಲಾಗುವ ಹೊಟ್ಟೆ, ಕೋರ್ಟಿನ ತಾರೀಖು ಹತ್ತಿರ ಬಂದರೆ ಗುಡುಗುವ ಹೊಟ್ಟೆ, ಇವೆಲ್ಲ ಆಯಿಯ ಪಾಲು. ನಾನೂ ಪರೀಕ್ಷೆ ಮಾಡುತ್ತಿದ್ದೆ. ಜಂತುಹುಳವಿಲ್ಲ, ಹುಣ್ಣಿಲ್ಲ. ಕೆಂಪು ಮಿಕ್ಸ್ಚರ್ ಕೊಟ್ಟು ಕಳಿಸಿದರೆ ಬಾಟಲಿ ಕೈಯಲ್ಲಿದ್ದಂತೆಯೇ ರಸ್ತೆ ದಾಟಿಬಿಡುತ್ತಿದ್ದರು. ಇದನ್ನು ಚೆಲ್ಲಲೇ ಎಂದು ಒಬ್ಬ ಕೇಳಿದನಂತೆ. ಡಾಕ್ಟರು ಕೊಟ್ಟದ್ದು, ಅದನ್ನೂ ಕುಡಿ ಎಂದಳಂತೆ ಆಯಿ. ಅದು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆಕೆಯದೊಂದು ಕಟ್ಟುನಿಟ್ಟಿತ್ತು. ಔಷಧವನ್ನು ರೋಗಿಯೇ ಅರೆಯಬೇಕು. ಅರೆಯುವ ಕಲ್ಲು ಮನೆಯ ಹೊರಗೆ ಕಟ್ಟೆಯ ಮೇಲೆ, ಎಲ್ಲರ ಕಣ್ಣೆದುರಿಗೆ. "ಹೊಟ್ಟಿ ಯಾರ್ದು ಕೆಟ್ಟೈತ್ಯೋ ಅವ್ರ ಅರೀಬೇಕು" ಎನ್ನುತ್ತಿದ್ದಳು. ಊರಗೌಡರೂ ಅರೆದರು. ಇಂಡಿ, ಸಿಂದಗಿಯಿಂದ ಬಸ್ಸು ಹಿಡಿದು ಬಂದವರೂ ಸಾಲಿನಲ್ಲಿ ಕೂತು ಅರೆದರು. ಇದು ಭಂಗಿಯ ಚಟ, ಔಷಧವಲ್ಲ ಎಂದು ನನ್ನ ಕಂಪೌಂಡರನ ಮುಂದೆ ದಿನಾ ಹೇಳುತ್ತಿದ್ದೆ. ಅವನು ತಲೆಯಾಡಿಸುತ್ತಿದ್ದ. ಒಂದು ಸೋಮವಾರ ನೋಡಿದರೆ ಅವನೂ ಕಟ್ಟೆಯ ಮೇಲೆ ಕೂತು ಅರೆಯುತ್ತಿದ್ದಾನೆ.

ಇಷ್ಟು ಹೊಟ್ಟೆಕಿಚ್ಚಿಗೆ ಕಾರಣವೊಂದಿತ್ತು. ನನ್ನ ಹೊಟ್ಟೆಯೂ ಅಂಥದ್ದೇ. ಕಾಲೇಜಿನ ಪರೀಕ್ಷೆಗಳ ಕಾಲದಿಂದ ಹತ್ತಿದ ರೋಗ. ನಾಡಿ ಹಿಡಿದ ಕೈ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆ. ನನ್ನ ಮಿಕ್ಸ್ಚರ್ ನಾನೇ ಕುಡಿದು ಸಾಕಾಗಿತ್ತು. ಕೊನೆಗೆ ಒಂದು ದಿನ, ಪರವಾನಗಿ ಇಲ್ಲದೆ ಭಂಗಿ ಕೊಡುತ್ತಾಳೆಂದು ಆಯಿಯ ಮೇಲೆ ಪೊಲೀಸ್ ಫೌಜದಾರರಿಗೆ ಅರ್ಜಿ ಬರೆದೆ. ಕೆಳಗೆ ಸುಳ್ಳು ಹೆಸರು ಹಾಕಿ ಲಕೋಟೆ ಅಂಟಿಸಿದೆ. ಮರುದಿನದಿಂದ ಹೊಟ್ಟೆ ಎಷ್ಟು ಹಿಂಡಿತೆಂದರೆ ಮೂರು ದಿನ ದವಾಖಾನೆ ಮುಚ್ಚಬೇಕಾಯಿತು. ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ರಸ್ತೆ ದಾಟಿದೆ. ಲಕೋಟೆ ಇನ್ನೂ ಕಿಸೆಯಲ್ಲೇ ಇತ್ತು.

ಕಟ್ಟೆಯ ಮೇಲೆ ಎಂಟು ಹತ್ತು ಜನ ಇದ್ದರು. ಎಲ್ಲರೂ ನನ್ನತ್ತ ತಿರುಗಿದರು. ಇವರೆದುರು ಕೂತು ಅರೆದರೆ ನಾಳೆಯಿಂದ ಯಾರೂ ನನ್ನ ಮೆಟ್ಟಿಲು ಹತ್ತುವುದಿಲ್ಲ. ಬೋರ್ಡು ಕಿತ್ತಿಟ್ಟು ಊರು ಬಿಡುವುದೇ ಗತಿ. ಆಯಿ ನನ್ನ ಮುಖ ನೋಡಿದಳು, ಆಮೇಲೆ ಸಾಲಿನ ಕಡೆ ತಿರುಗಿದಳು.

"ಡಾಕ್ಟ್ರ ಸಾಹೇಬ್ರು ನನಗ ಔಷಧ ಮಾಡೂದು ಕಲಿಸಾಕ ಬಂದಾರ. ನಾ ಕೊಡೂದೆಲ್ಲಾ ಅವ್ರ ಕಡೆ ಕಲ್ತದ್ದ ಐತಿ. ನೀವು ಜರಾ ತಡೀರಿ."

ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಅಡುಗೆಯ ಇನ್ನೊಂದು ಕಲ್ಲಿತ್ತು. ಬಾಗಿಲು ಎಳೆದುಕೊಂಡದ್ದೇ ತಡ, ಸಾಹೇಬನೂ ಹೋದ, ಬಹುವಚನವೂ ಹೋಯಿತು. "ಕೂಡು ತಮ್ಮಾ. ಅರಿ."

ಮೂರು ವಾರ ದಿನಾ ಹೋಗಿ ಅರೆದೆ. ಆಕೆ ಪಕ್ಕದಲ್ಲಿ ಕೂತು ಜೀರಿಗೆ ಹಸನು ಮಾಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಐದನೆಯ ದಿನ ನಾನೇ ತಡೆಯಲಾರದೆ ಲಕೋಟೆ ತೆಗೆದು ಕೊಟ್ಟೆ. ನಿನ್ನ ಮೇಲೆ ಬರೆದದ್ದು ಎಂದೆ.

"ನನಗ ಓದಾಕ ಬರಂಗಿಲ್ಲ. ನೀನ ಓದಿ ಹೇಳು."

ನನ್ನಿಂದಾಗದು ಎಂದೆ. ಹಾಗಾದರೆ ಒಲೆಗೆ ಹಾಕು, ಮಜ್ಜಿಗೆಗೆ ಒಗ್ಗರಣೆ ಆಗಬೇಕು ಎಂದಳು. ಹಾಕಿದೆ.

ಹೊಟ್ಟೆ ಹದಕ್ಕೆ ಬಂತು. ಸೊಪ್ಪಿನಿಂದಲೋ, ದಿನಕ್ಕೆ ಅರ್ಧ ಗಂಟೆ ನಾನು ಡಾಕ್ಟರಲ್ಲದೆ ಬರೀ ತಮ್ಮನಾಗಿ ಕೂತದ್ದರಿಂದಲೋ, ಇವತ್ತಿಗೂ ಹೇಳಲಾರೆ. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಆಯಿಗೆ ನೀವೇ ಕಲಿಸಿದಿರಂತೆ ಎಂದು ಜನ ಕೈಮುಗಿದಾಗ ಅಲ್ಲ ಎನ್ನಲಿಲ್ಲ. ಹತ್ತು ವರ್ಷ ಆ ಹೊಗಳಿಕೆ ತಿಂದೆ, ರುಚಿಯಾಗಿಯೇ ಇತ್ತು.

ಅರವತ್ತರ ದಶಕದ ಕೊನೆಗೆ ಒಂದು ಬೇಸಿಗೆಯಲ್ಲಿ ಆಯಿ ಜ್ವರದಿಂದ ತೀರಿಕೊಂಡಳು. ನನ್ನ ಸೂಜಿಮದ್ದು ನಾಟಲಿಲ್ಲ. ತಿಥಿಯ ದಿನಗಳೆಲ್ಲ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಆ ಸಾಲು ನನ್ನ ಮೆಟ್ಟಿಲ ಮೇಲೆ ಕೂತಿತ್ತು. ಇಷ್ಟು ವರ್ಷ ಕಿಟಕಿಯಿಂದ ನೋಡಿ ಆಸೆಪಟ್ಟ ಸಾಲು. ಎಲ್ಲರಿಗೂ ಆಯಿಯ ಔಷಧವೇ ಬೇಕು. ಜೀರಿಗೆ ಗೊತ್ತು, ಶುಂಠಿ ಗೊತ್ತು. ಯಾವ ಮುಖಕ್ಕೆ ಎಷ್ಟು ಉಗುರು ಎಂಬುದು ನನಗೆ ಗೊತ್ತಿರಲಿಲ್ಲ.

ಮುಂದೆ ಕೂತವಳು ಮನಗೂಳಿಯಿಂದ ಬಂದಿದ್ದ ಹೆಂಗಸು. ಅವಳಿಗೆ ಅವತ್ತು ಮೊದಲ ಸಲ ನಿಜ ಹೇಳಿದೆ: ನಾನು ಆಯಿಗೆ ಏನೂ ಕಲಿಸಿಲ್ಲ, ನನ್ನ ಹೊಟ್ಟೆಗೆ ಔಷಧ ಕೊಟ್ಟವಳೇ ಅವಳು.

ಆ ಹೆಂಗಸು ಎದ್ದು ನಿಂತಳು. "ಆಯಿನ ಹೇಳ್ಯಾಳ್ರಿ, ನಿಮ್ಮ ಕಡೆ ಕಲ್ತೇನಿ ಅಂತ. ಆಯಿ ಸುಳ್ಳ ಹೇಳಾಕಿ ಅಲ್ರಿ. ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ."

ಆಗಲೂ ನನಗೆ ಆಯಿಯ ಮೇಲೆ ಹೊಟ್ಟೆಕಿಚ್ಚಾಯಿತು. ಆ ಹೆಂಗಸು ಹೊಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದಳು.