ಮಾವನಿಗೆ ಗೊತ್ತಿಲ್ಲದ ಸುದ್ದಿ

ಈ ಬೆಳಿಗ್ಗೆ ಹಾಲು ಕಾಯಲಿಟ್ಟು ಒಲೆಯ ಮುಂದೆ ನಿಂತಿದ್ದೆ. ಕಿಟಕಿಯಲ್ಲಿಟ್ಟಿದ್ದ ಫೋನು, ಯಾರೂ ಏನೂ ಕೇಳದಿದ್ದರೂ, ತಾನಾಗಿ ಮಾತಾಡಿತು. “ಇಂದಿನ ತಂತ್ರಜ್ಞಾನ ಸುದ್ದಿಗಳು ಸಿದ್ಧವಾಗಿವೆ. ಓದಿ ಹೇಳಲೇ?” ರಾತ್ರಿ ನಾನು ಮಲಗಿದ್ದಾಗ ಅದು ಹೊಸದೇನನ್ನೋ ತುಂಬಿಕೊಂಡಿರಬೇಕು. ಹೆಣ್ಣು ದನಿ, ಎಲ್ಲೂ ತಡವರಿಸದ ಚೊಕ್ಕ ಕನ್ನಡ. ತಮಿಳುನಾಡಿನ ಸತ್ಯಮಂಗಲದ ನನ್ನ ಬಾಡಿಗೆ ಮನೆಯಲ್ಲಿ ಅಂಥ ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ, ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತೆ, ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಒಲೆ ಒರೆಸುವಾಗ ಅನ್ನಿಸಿತು: ಸರಿ, ಇನ್ನು ನನ್ನ ಕೆಲಸ ಹೋಯಿತು.

ಶಾಲೆಯ ಕೆಲಸವಲ್ಲ, ಅದು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ನನಗೆ ಇನ್ನೊಂದು ಕೆಲಸವಿದೆ, ಸಂಬಳವಿಲ್ಲದ್ದು. ದಿನಾ ಬೆಳಿಗ್ಗೆ ಘಟ್ಟದ ಮೇಲಿರುವ ನನ್ನ ಸೋದರತ್ತೆ ಮಾದೇವಮ್ಮನಿಗೆ ಫೋನು ಮಾಡಿ, ಆ ದಿನದ ಫೋನು, ಕಂಪ್ಯೂಟರು, ಇಂಟರ್‌ನೆಟ್ಟಿನ ಸುದ್ದಿಗಳನ್ನು ಓದಿ ಹೇಳುವುದು. ನಗಬೇಡಿ. ಹೂವಿನ ಹೊಲ, ಎರಡು ಹಸು, ಒಂದು ಜೊತೆ ಎತ್ತು ಇಟ್ಟುಕೊಂಡ ಹೆಂಗಸಿಗೆ ಅಮೆರಿಕದ ಕಂಪನಿಯ ಹೊಸ ಫೋನಿನ ಸುದ್ದಿ ಯಾಕೆ ಎಂದು ನಾನೂ ಮೊದಲು ನಕ್ಕವಳೇ.

ಕೆಲವು ವರ್ಷಗಳ ಹಿಂದೆ ಗಡಿಯ ತಾಳವಾಡಿ ಸೀಮೆಯ ಕನ್ನಡ ಶಾಲೆಯೊಂದಕ್ಕೆ ನನ್ನನ್ನು ಟೀಚರಾಗಿ ಹಾಕಿದಾಗ ಅತ್ತೆಯ ಮನೆಯಲ್ಲೇ ಇದ್ದೆ. ಆ ಮನೆಯಲ್ಲಿ ಎಲ್ಲವೂ ಇತ್ತು, ಸಿಗ್ನಲ್ ಒಂದು ಬಿಟ್ಟು. ಅದು ಸಿಗುತ್ತಿದ್ದುದು ಕೊಟ್ಟಿಗೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಅಲ್ಲೂ ಅದಕ್ಕೆ ನಿಂತ ಬುದ್ಧಿಯಿಲ್ಲ. ಪೂರ್ವಕ್ಕೆ ತಿರುಗಿ ಕೂತರೆ ತಮಿಳುನಾಡಿನ ಟವರು, ಸ್ವಲ್ಪ ಪಡುವಣಕ್ಕೆ ಜರುಗಿದರೆ ಕರ್ನಾಟಕದ್ದು. ನಾನು ಕಾಲು ಚಾಚಿದಾಗ ಕರ್ನಾಟಕಕ್ಕೆ ಸ್ವಾಗತ, ಮಡಚಿಕೊಂಡಾಗ ತಮಿಳುನಾಡಿಗೆ ಸ್ವಾಗತ ಎಂದು ಮೆಸೇಜು. ಇಷ್ಟು ಮರ್ಯಾದೆಯನ್ನು ನನಗೆ ಬೇರೆಲ್ಲೂ ಯಾರೂ ಕೊಟ್ಟಿಲ್ಲ.

ಆ ಮನೆಯಲ್ಲಿ ಇನ್ನೊಂದು ಕೊರತೆ ನಾನು ಹೋಗುವ ಹೊತ್ತಿಗೆ ಆಗಷ್ಟೇ ಬಂದು ಕೂತಿತ್ತು. ಮಾವನ ಗಂಟಲಲ್ಲಿ ಗೆಡ್ಡೆಯಾಗಿ ಮೈಸೂರಿನಲ್ಲಿ ಆಪರೇಷನ್ ಮಾಡಿದ್ದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆ ಮಾವ ಎಂಥವರೆಂದರೆ, ದಿಂಬಂ ಟೀ ಅಂಗಡಿಯಲ್ಲಿ ಕೂತು ಮಾತಿಗೆ ಶುರುವಿಟ್ಟರೆ ಬಸ್ಸಿನವರೂ ಹಾರ್ನ್ ಹೊಡೆಯದೆ ಕೇಳಿಕೊಂಡು ನಿಲ್ಲುತ್ತಿದ್ದರು. ಈಗ ಅವರಿಗೆ ಉಳಿದದ್ದು ಚಪ್ಪಾಳೆ. ಒಂದು ತಟ್ಟಿದರೆ ಹೂಂ. ಎರಡು ತಟ್ಟಿದರೆ ಸುಳ್ಳು, ನಂಬಲ್ಲ ಅಂತ. ಮಿಕ್ಕಂತೆ ಸುಮ್ಮನೆ ಇರುತ್ತಿದ್ದರು. ಆ ಸುಮ್ಮನಿರುವಿಕೆ ನಮಗೆ ಅಭ್ಯಾಸವೇ ಆಗಲಿಲ್ಲ. ಉಣ್ಣುವಾಗ ಮುದ್ದೆ ಮುರಿಯುವ ಸದ್ದೂ ಕೇಳುತ್ತಿತ್ತು.

ನಾನು ಬೆಳಿಗ್ಗೆ ಕಲ್ಲಿನ ಮೇಲೆ ಕೂತು ಫೋನು ನೋಡುತ್ತಿದ್ದರೆ ಅತ್ತೆ ಟೀ ತಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು.

“ಇವತ್ತು ಪೋನ್ನೋರು ಏನಂದ್ರು, ಓದು ಕೂಸು. ಮೆಲ್ಲುಕ್ಕೆ ಓದು.”

ಊರಿನ ಸುದ್ದಿ ಓದಲು ಹೋದರೆ ಬೇಡ ಅನ್ನುತ್ತಿದ್ದರು. ಅವೆಲ್ಲ ಹಾಲಿನ ಡೇರಿಯಲ್ಲೇ ಸಿಗುತ್ತವಂತೆ. ಹೊಸ ಮಷೀನುಗಳದ್ದೇ ಬೇಕು. ಒಮ್ಮೊಮ್ಮೆ ಕೊನೆಯಲ್ಲಿ, “ಗಂಟ್ಲುಂದು ಏನೂ ಇಲ್ವಾ?” ಎಂದು ಕೇಳಿ ಲೋಟ ಎತ್ತಿಕೊಂಡು ಹೋಗುತ್ತಿದ್ದರು. ಆಗ ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡೆ. ಮಾವನಿಗೆ ದನಿ ಕೊಡುವ ಮಷೀನು ಬರುವುದನ್ನೇ ಇವರು ಕಾಯುತ್ತಿದ್ದಾರೆ. ಅಂದಿನಿಂದ ನಾನೂ ನಗುವುದು ಬಿಟ್ಟು ಮನಸ್ಸಿಟ್ಟು ಓದಿದೆ.

ಅತ್ತೆಗೆ ಸುಮ್ಮನೆ ಕೇಳಿಸಿಕೊಂಡು ಗೊತ್ತಿಲ್ಲ. ಡ್ರೈವರಿಲ್ಲದ ಕಾರು ಬಂದಿದೆಯಂತೆ ಎಂದರೆ, “ಆಸನೂರ್ ತಾವ ಆನೆ ಅಡ್ಡ ನಿಂತ್ಕಂದ್ರೆ ಯಾರು ರಿವರ್ಸ್ ತಗಂದಾರು?” ನಿದ್ದೆ ಅಳೆಯುವ ಗಡಿಯಾರ ಎಂದರೆ, “ನಿದ್ದ ಬಂತೋ ಇಲ್ವೋ ಅಂತ ಗಡಿಯಾರುವ ಕೇಳ್ಬೇಕಾ? ಬಂದಿದ್ರೆ ಕೇಳಾಕೆ ಎದ್ದಿರೋರು ಯಾರು?”

ಒಂದು ದಿನ ಅವರು ಕಾಯುತ್ತಿದ್ದ ಸುದ್ದಿ ಬಂದೇ ಬಂತು. ಒಬ್ಬರ ದನಿಯನ್ನು ಒಂದಿಷ್ಟು ಕೇಳಿಸಿದರೆ ಸಾಕು, ನಾವು ಬರೆದುಕೊಟ್ಟ ಮಾತನ್ನು ಅದೇ ದನಿಯಲ್ಲಿ ಆಡಿ ತೋರಿಸುವ ಮಷೀನು. ಆದರೆ ಮಾವನ ದನಿ ಎಲ್ಲಿದೆ? ಹುಡುಕಿದೆವು. ಸಿಕ್ಕಿದ್ದು ಒಂದೇ. ಆಪರೇಷನ್ನಿಗೆ ಮುಂಚೆ, ದೀಪಾವಳಿ ಕಳೆದು ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬಕ್ಕೆ ಹೋಗಿದ್ದಾಗ ನಾನೇ ತೆಗೆದ ವಿಡಿಯೋ. ಅದರಲ್ಲಿ ಮಾವ ಎರಚುವವರನ್ನು ಬೈಯುತ್ತಿದ್ದಾರೆ: “ಲೇಯ್, ಒಸ ಪಂಚ ಕಣ್ಲಾ, ನಾನು ನೋಡಾಕ್ ಬಂದಿರೋನು ಕಣ್ಲಾ, ಇತ್ಲಾಗ್ ಆಕ್ಬ್ಯಾಡ್ರುಲಾ.” ಮಾತು ಮುಗಿಯುವುದಕ್ಕೂ ದೊಡ್ಡದೊಂದು ಉಂಡೆ ಬಂದು ಪಂಚೆಗೆ ಬೀಳುವುದಕ್ಕೂ ಸರಿಹೋಗಿದೆ.

ಆ ಬೈಗುಳವನ್ನೇ ಮಷೀನಿಗೆ ಉಣಿಸಿದೆ. ಭಾನುವಾರ ಮಧ್ಯಾಹ್ನ, ಇಬ್ಬರನ್ನೂ ಕಲ್ಲಿನ ಹತ್ತಿರ ಕರೆದು ಕೂರಿಸಿ, ದೊಡ್ಡ ವಿದುಷಿಯ ಹಾಗೆ ಗುಂಡಿ ಒತ್ತಿದೆ. ಮಾವನದೇ ದನಿ ಬಂತು. “ಮಾದೇವಮ್ಮ, ಒಂದು ಲೋಟ ಟೀ ಕೊಡು.”

ಅತ್ತೆ ಥಟ್ಟನೆ ಎದ್ದು ನಿಂತು, ಸೆರಗು ತಲೆಯ ಮೇಲೆಳೆದುಕೊಂಡು, ಪಕ್ಕದ ಮನೆಯ ಕಡೆ ನೋಡಿದರು. ಯಾರಿಗಾದರೂ ಕೇಳಿಸಿತೋ ಎಂಬ ಗಾಬರಿ. ಆ ತಲೆಮಾರಿನಲ್ಲಿ ಗಂಡ ಹೆಂಡತಿಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಬರೆಯುವಾಗ ತಲೆಗೆ ಹೊಳೆಯಲಿಲ್ಲ, ಅಷ್ಟೇ.

“ಮದ್ವೆಯಾದಾಗಿಂದ ಒಂದ್ ದಿನಾನೂ ನನ್ನ ಎಸ್ರು ಇಡ್ದು ಕರ್ದೋರಲ್ಲ. ಇದ್ಯಾರೋ ಬ್ಯಾರೆಯೋರು. ತಗದ್ಬುಡು ಅದ.”

ಮಾವ ಎರಡು ಚಪ್ಪಾಳೆ ತಟ್ಟಿದರು. ಸುಳ್ಳು. ಆಮೇಲೆ ಫೋನಿನ ಕಡೆ ಕೈ ತೋರಿಸಿ, ಪಂಚೆ ಹಿಡಿದು ಕೊಡವಿದ ಹಾಗೆ ಮಾಡಿದರು. ಹಳೆಯ ವಿಡಿಯೋ ಹಾಕು ಅಂತ. ಹಾಕಿದೆ. ಮೂವರೂ ತಲೆ ಸೇರಿಸಿ ನೋಡಿದೆವು. ಸಗಣಿ ಉಂಡೆ ಬಿದ್ದಾಗ ಮಾವನ ಹೊಟ್ಟೆ ಕುಲುಕಿತು, ಅದೇ ಅವರ ನಗು. ಅತ್ತೆ ಮಾತ್ರ ಚಿತ್ರ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಆ ಬೈಗುಳ ಕೇಳಿದರು.

ಇಲ್ಲಿಗೆ ಸುದ್ದಿಯ ಸಹವಾಸ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಟೀ ಬಂತು, ಹಿಂದೆಯೇ ಅತ್ತೆಯೂ ಬಂದರು. “ಇವತ್ತು ಏನಂದ್ರು?”

“ನೀನು ಕಾಯ್ತಿದ್ದ ಮಷೀನು ಬಂದು ಹೋಯ್ತಲ್ಲ ಅತ್ತೆ. ಇನ್ನೇನು ಬೇಕು ನಿಂಗೆ?”

ಅತ್ತೆ ಟೀ ಆರಿಸಿದರು. “ಮೊದ್ಮೊದ್ಲು ಅದ್ಕೇ ಕೇಳ್ತಿದ್ದುದ್ದು ನಿಜ ಕಣವ್ವ. ಆಮೇಕೆ ನೋಡ್ದಿ. ಅವ್ರಂತೂ ಮಾತಾಡಂಗಿಲ್ಲ, ಮನೇಲಿ ಒಬ್ರಾದ್ರೂ ಮಾತಾಡ್ಬೇಕಲ್ಲ. ಏನ್ ಆಡಾದು? ಅಸ ಈಯ್ತು ಅಂದ್ರೆ ಅವ್ರಿಗೇ ಮೊದ್ಲು ಗೊತ್ತು. ಊವು ಬಾಡ್ತು ಅಂದ್ರೂ ಅವ್ರೇ ಮೊದ್ಲು ನೋಡಿರ್ತಾರ. ಗೊತ್ತಿರಾದ್ನೇ ಏಳುದ್ರೆ ತಲ ಬಗ್ಗುಸ್ಕಂದು ಕೆಲ್ಸ ಮಾಡ್ತಾರ. ಗೊತ್ತಿಲ್ದೆ ಇರಾದ್ನ ಏಳುದ್ರೆ ತಲ ಎತ್ತಿ ನನ್ನ ಮೊಕ ನೋಡ್ತಾರ.”

ಆವತ್ತು ಶಾಲೆಗೆ ಹೊರಟವಳು ಚೆಂಡುಹೂವಿನ ಹೊಲದ ಬದುವಿನಲ್ಲಿ ನಿಂತೆ. ಆಚೆ ಸಾಲಿನಲ್ಲಿ ಮಾವ, ಈಚೆ ಸಾಲಿನಲ್ಲಿ ಅತ್ತೆ, ಇಬ್ಬರೂ ಹೂ ಕೀಳುತ್ತಿದ್ದರು. ಬಟ್ಟೆ ಮಡಚುವ ರೋಬೋ ಎಂದು ನಾನು ಓದಿದ್ದು ಅತ್ತೆಯ ಬಾಯಲ್ಲಿ ಕಬ್ಬಿಣದ ಹೆಣ್ಣಾಗಿತ್ತು. ಅದು ಬಟ್ಟೆ ಮಡಚುವುದಷ್ಟೇ ಅಲ್ಲ, ಬಟ್ಟೆಯನ್ನು ಕಂಡಕಂಡಲ್ಲಿ ಬಿಸಾಕಿದ ಗಂಡಸಿಗೆ ಬೈಯುತ್ತಲೂ ಇತ್ತು. ಮಾವ ಹೂ ಕೀಳುವುದು ನಿಲ್ಲಿಸಿ, ತಲೆಯೆತ್ತಿ, ಅತ್ತೆಯ ಮುಖ ನೋಡಿದರು. ಎರಡು ಚಪ್ಪಾಳೆ. “ಸುಳ್ಳಲ್ಲ, ಪೋನಲ್ಲಿ ಬಂದದ,” ಎಂದರು ಅತ್ತೆ. ಆವತ್ತು ನನಗೆ ಬಸ್ಸು ತಪ್ಪಿತು.

ಆಮೇಲೆ ನನಗೆ ಘಟ್ಟದ ಕೆಳಗೆ ವರ್ಗವಾಯಿತು. ಸುದ್ದಿ ಮಾತ್ರ ನಿಲ್ಲಲಿಲ್ಲ, ಫೋನಿನಲ್ಲಿ ಮುಂದುವರಿಯಿತು. ಇವತ್ತು ಒಲೆ ಒರೆಸಿದ ಮೇಲೆ, ಒಳ್ಳೆಯ ಸಮಾಚಾರ ಕೊಡುವ ಹುರುಪಿನಲ್ಲೇ ಅತ್ತೆಗೆ ಫೋನು ಮಾಡಿದೆ.

“ಅತ್ತೆ, ಇನ್ಮೇಲೆ ನೀನು ನನಗೆ ಕಾಯಬೇಕಾಗಿಲ್ಲ. ಫೋನೇ ಸುದ್ದಿ ಓದಿ ಹೇಳ್ತದೆ, ಕನ್ನಡದಲ್ಲೇ, ಗಟ್ಟಿಯಾಗಿ. ಭಾನುವಾರ ಬಂದು ನಿನ್ನ ಫೋನಿಗೆ ಹಾಕಿಕೊಡ್ತೀನಿ.”

ಆ ಕಡೆಯಿಂದ ಎತ್ತಿನ ಗಂಟೆಯ ಸದ್ದು ಕೇಳಿಸಿತು.

“ಗಟ್ಟಿಯಾಗ್ ಓದ್ತದಾ?”

“ಹೂಂ. ಮನೆಗೆಲ್ಲ ಕೇಳ್ತದೆ.”

“ಅಂಗಾದ್ರೆ ಅವ್ರೂ ಕೇಳುಸ್ಕಬುಡ್ತಾರಲ್ಲ ಕೂಸು. ಆಮೇಕೆ ನಾನೇನ್ ಏಳ್ಲಿ?”

ಎಷ್ಟೋ ದಿನ ಆ ಕಲ್ಲಿನ ಮೇಲೆ, ಹತ್ತಿರದ ಕೊಟ್ಟಿಗೆಯಲ್ಲಿ ಮಾವ ಬಿಟ್ಟರೆ ಯಾರೂ ಇಲ್ಲದಿದ್ದರೂ ಮೆಲ್ಲಗೆ ಓದು ಎನ್ನುತ್ತಿದ್ದ ಅತ್ತೆ ಕಣ್ಣ ಮುಂದೆ ಬಂದರು. ಉಕ್ಕಿದ್ದ ಹಾಲಿನ ವಾಸನೆ ಇನ್ನೂ ಅಡುಗೆಮನೆಯಲ್ಲಿತ್ತು. ನಾನು ಸ್ಟೂಲು ಎಳೆದುಕೊಂಡು ಕೂತೆ.

“ಮಾವ ಎಲ್ಲವ್ರೆ ಈಗ?”

“ಇಲ್ಲೇ ಕೊಟ್ಗೇಲವ್ರ. ಮೆಲ್ಲುಕ್ಕೆ ಓದು.”

ದನಿ ತಗ್ಗಿಸಿ ಓದಿದೆ. ಎಲೆಯಡಿಕೆ ಚೀಲದ ಹಾಗೆ ಮೂರು ಮಡಿಕೆ ಮಡಚುವ ಫೋನು, ಆಕಾಶದಿಂದಲೇ ಇಳಿಯುವ ಇಂಟರ್‌ನೆಟ್ಟು, ಇನ್ನೂ ಒಂದೆರಡು. ಮುಗಿದ ಮೇಲೆ ಅತ್ತೆ ಎಂದಿನಂತೆ ಫೋನು ಕಟ್ ಮಾಡುವುದನ್ನು ಮರೆತು ಕಲ್ಲಿನ ಮೇಲಿಟ್ಟು ಹೋದರು. ನಾನೂ ಎಂದಿನಂತೆ ಕಿವಿ ಕೊಟ್ಟು ಕೂತೆ.

“ಇಲ್ನೋಡಿ, ಇನ್ಮೇಕೆ ಟವರೇ ಬ್ಯಾಡ್ವಂತೆ. ಆಕಾಸ್ದಲ್ಲಿ ಚಂದ್ರುನ್ ಪಕ್ದಲ್ಲೇ ಕಂಬ ನೆಟ್ಟವ್ರಂತೆ...”

ಎರಡು ಚಪ್ಪಾಳೆ ಕೇಳಿಸಿತು. ನಾನು ನನ್ನ ಕಡೆಯಿಂದ ಫೋನು ಕಟ್ ಮಾಡಿ, ಮತ್ತೆ ಹಾಲಿಟ್ಟೆ.